ಅಗಸಿಯಲ್ಲಿ ಒತ್ತಿದ ಗುಂಡಿ

ಮನೋಳಿ ದಾಟುವವರೆಗೆ ಮಲ್ಲಿಕಾರ್ಜುನ ಬೈಕಿನ ವೇಗ ಇಳಿಸಲಿಲ್ಲ. ಬೆಳಗಿನ ಈ ಹೊತ್ತಿಗೆ ಅವ್ವ ಯಲ್ಲವ್ವ ಹೊಳೆದಂಡೆಯ ಹೊಲಗಳಿಗೆ ಕೂಲಿಗೆ ಹೊರಟಿರುತ್ತಾಳೆ. ಕಂಡರೆ ನಿಲ್ಲಬೇಕು, ನಿಂತರೆ ಎಲ್ಲಿಗೆ ಹೊರಟಿ ಎಂದು ಕೇಳುತ್ತಾಳೆ, ಕೇಳಿದರೆ ಕೆಂಚನಾಳಕ್ಕೆ ಎನ್ನಬೇಕು. ಕೆಂಚನಾಳದಲ್ಲಿ ಅವ್ವನ ತಂಗಿ ಲಗಮವ್ವ ಇದ್ದಾಳೆ. ಅವಳ ಒಬ್ಬಳೇ ಮಗಳು ರೇಣು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು ಹೆತ್ತು, ರಕ್ತ ನಿಲ್ಲದೆ, ಆಂಬುಲೆನ್ಸಿನ ದಾರಿ ಕಾಯುತ್ತಾ ಸತ್ತು ಇವತ್ತಿಗೆ ಇಪ್ಪತ್ತೆರಡು ದಿನ. ಮಣ್ಣಿಗೆ ಬಾ ಎಂದು ಅವ್ವ ಫೋನ್ ಮಾಡಿದಾಗ ರಜೆ ಸಿಗುವುದಿಲ್ಲ ಎಂದಿದ್ದ. ಅವ್ವ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಹೂಂ ಎಂದು ಫೋನ್ ಇಟ್ಟಳು. ಈಗ ಅದೇ ಊರಿಗೆ ಕಂಪನಿ ಕಳಿಸಿದೆ ಎಂದು, ದಿನಭತ್ಯೆಯ ಮೇಲೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಿದ್ದಾನೆ ಎಂದು ಅವಳಿಗೆ ತಿಳಿಯುವುದು ಅವನಿಗೆ ಬೇಡವಾಗಿತ್ತು. ಸೇತುವೆಯ ಮೇಲೆ ಕೆಂಪು ಸೀರೆಯ ಯಾರೋ ಒಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುತ್ತಿದ್ದಳು. ಅವನು ಮುಖ ಆ ಕಡೆ ತಿರುಗಿಸಿದ. ಅವಳು ಅವ್ವ ಅಲ್ಲ ಎಂದು ದಾಟಿದಮೇಲೆ ಕನ್ನಡಿಯಲ್ಲಿ ಕಂಡಿತು. ಅಲ್ಲ ಎಂದು ಕಂಡಮೇಲೂ ಅವನು ವೇಗ ಇಳಿಸಲಿಲ್ಲ.

ಹೆಗಲ ಚೀಲದಲ್ಲಿ ಯಂತ್ರವಿತ್ತು. ಅಂಗೈ ಅಗಲದ ಬೂದುಬಣ್ಣದ ಡಬ್ಬಿ. ಗುಂಡಿ ಒತ್ತಿದರೆ ಆಕಾಶದ ಉಪಗ್ರಹಗಳನ್ನು ವಿಚಾರಿಸಿ ನೀನು ನಿಂತಿರುವುದು ಭೂಮಿಯ ಮೇಲೆ ಇಂಥ ಕಡೆಯಲ್ಲಿ ಎಂದು ಅಂಕಿಗಳಲ್ಲಿ ಹೇಳುತ್ತದೆ. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಅವನು ಈ ಡಬ್ಬಿ ಹಿಡಿದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳನ್ನೆಲ್ಲ ಸುತ್ತಿದ್ದ. ಮುಂದೆ ಆಂಬುಲೆನ್ಸ್ ಗಾಡಿಗಳು ಬರುವುದಿತ್ತು. ಫೋನ್ ಮಾಡಿದವನು ಗಾಬರಿಯಲ್ಲಿ ತೊದಲಿದರೂ ಕರೆ ಯಾವ ಟಾವರಿನಿಂದ ಬಂತೆಂದು ಗೊತ್ತಾಗಬೇಕು, ಆ ಟಾವರಿನ ಸುತ್ತಲಿನ ಊರು, ಕೇರಿ, ತೋಟದ ಮನೆಗಳು ಪರದೆಯ ಮೇಲೆ ಚುಕ್ಕೆಗಳಾಗಿ ಏಳಬೇಕು, ಫೋನ್ ಹಿಡಿದು ಕುಳಿತವಳು ಯಾವ ಊರಪ್ಪ, ಊರೊಳಗೋ ಕೇರಿಯೋ ಎಂದು ಕೇಳಿ ಗಾಡಿಯನ್ನು ಆ ಚುಕ್ಕೆಗೆ ಓಡಿಸಬೇಕು. ಚುಕ್ಕೆ ಇಡುವ ಗುತ್ತಿಗೆ ಹಿಡಿದ ಕಂಪನಿಯಲ್ಲಿ ಅವನದು ನೌಕರಿ. ಪ್ರತಿ ಜಾಗಕ್ಕೂ ಕಾಲಲ್ಲಿ ನಡೆದೇ ಹೋಗಬೇಕು, ಅಲ್ಲೇ ನಿಂತು ಗುಂಡಿ ಒತ್ತಬೇಕು, ಅಷ್ಟೇ ನಿಯಮ. ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಗದ್ದೆಗಳ ನಡುವೆ ಒಂದೇ ಗುಡಿಸಲು ಇದ್ದರೂ ಒಣಗರಿಯ ರವದಿಯಲ್ಲಿ ಕಾಲು ಕೊಯ್ಸಿಕೊಂಡು ಹೋಗಿ ಒತ್ತಿ ಬಂದಿದ್ದ. ಒಟ್ಟು ನಾನೂರಾ ಹನ್ನೆರಡು ಚುಕ್ಕೆ. ಅವುಗಳಲ್ಲಿ ನಾನೂರಾ ಹನ್ನೊಂದು ಸರಿ ಇದ್ದವು. ಹಾಲಿನ ಕೊಡಕ್ಕೆ ಒಂದು ಹನಿ ಹುಳಿ ಸಾಕು.

ನಿನ್ನೆ ಬೈಲಹೊಂಗಲದ ಆಫೀಸಿನಲ್ಲಿ ಮೇಲ್ವಿಚಾರಕ ಗೌರೀಶ ಅವನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದ್ದ. ಮೇಲಿನವರಿಂದ ಕಾಗದ ಬಂದಿತ್ತು. ಕೆಂಚನಾಳ ಕೇರಿ ಎಂದು ತೋರಿಸಿದ ಚುಕ್ಕೆ ಕೇರಿಯಲ್ಲಿ ಇರಲಿಲ್ಲ, ಊರ ಹೆಬ್ಬಾಗಿಲಾದ ಅಗಸಿಯಲ್ಲಿತ್ತು, ಗಾಡಿ ಅಲ್ಲಿಗೆ ಹೋಗಿ ನಿಂತಿತು, ಒಂದು ಜೀವ ಹೋಗಿದೆ, ಕಾರಣ ಕೊಡಿ. ಗೌರೀಶ ಕೆಟ್ಟವನಲ್ಲ. ಸೋಮವಾರಕ್ಕೊಮ್ಮೆ ಆಫೀಸಿನಲ್ಲಿ ಪೂಜೆ ಮಾಡಿ ಎಲ್ಲರ ಹಣೆಗೂ ತಾನೇ ವಿಭೂತಿ ಹಚ್ಚುವವನು. ಮೊದಲ ಸೋಮವಾರ ಮಲ್ಲಿಕಾರ್ಜುನನ ಹಣೆಗೂ ಕೇಳದೆ ಹಚ್ಚಿದ್ದ, ಮಲ್ಲಿಕಾರ್ಜುನ ಒರೆಸಿಕೊಂಡಿರಲಿಲ್ಲ. ಹೆಸರು ಹಾಗಿತ್ತು, ಅಪ್ಪನ ಅಡ್ಡಹೆಸರನ್ನು ಅವನು ಕೋರ್ಟಿನಲ್ಲಿ ಬರೆಸಿ ಮನೋಳಿ ಎಂದು ಬದಲಿಸಿಕೊಂಡಿದ್ದ, ಇನ್ನೇನು ಬೇಕು. ಸುಳ್ಳು ಹೇಳಲಿಲ್ಲ, ಕೇಳಿದವರ ಊಹೆಯನ್ನು ಕೆಡಿಸಲಿಲ್ಲ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡು ಮೂರು ವರ್ಷ ಕಳೆದಿದ್ದ.

“ನೀವು ಕೇರಿಗೆ ಹೋಗೇ ಗುಂಡಿ ಒತ್ತೀರಿ, ಹೌದಲ್ರಿ?” ಎಂದ ಗೌರೀಶ.

“ಹೌದ್ರಿ.”

“ಹೋಗಿರದಿದ್ರೂ ನಾ ಏನೂ ಅನ್ನಂಗಿಲ್ಲ ಬಿಡ್ರಿ. ನಮ್ಮವ್ರು ಯಾರು ಹಳ್ಳ ದಾಟಿ ಆ ಕಡೆ ಹೋಗ್ತಾರ? ಯಂತ್ರದೋಷ ಅಂತ ಬರದಬಿಡ್ರಿ. ಯಂತ್ರಕ್ಕ ಹೆಂಡ್ರು ಮಕ್ಕಳು ಇಲ್ಲ, ನಿಮಗ ಅದಾರ. ನಾಳೆ ಹೋಗಿ ಸರಿ ಜಾಗಾದಾಗ ಒತ್ತಿ, ಕೇರಿಯವ್ರು ಯಾರರೆ ಒಬ್ರದು ಹೆಬ್ಬಟ್ಟು ಹಾಕಿಸ್ಕೊಂಡು ಬರ್ರಿ. ಫೈಲ್ ಮುಚ್ಚಿಬಿಡೂಣು.”

ನಮ್ಮವರು ಎಂಬ ಮಾತು ಕಿವಿಗೆ ಬಿದ್ದು ಅಲ್ಲೇ ಕುಳಿತಿತು. ಹೇಳಿಬಿಡಬಹುದಿತ್ತು. ಹೇಳಿದ್ದರೆ ಎರಡು ಹೇಳಬೇಕಾಗುತ್ತಿತ್ತು, ಹೋಗಲಿಲ್ಲ ಎಂಬುದು ಒಂದು, ಯಾಕೆ ಹೋಗಲಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೌಕರಿ ಹೋಗುತ್ತದೆ. ಎರಡನೆಯದಕ್ಕೆ ಏನು ಹೋಗುತ್ತದೆ ಎಂದು ಅವನಿಗೆ ಸ್ಪಷ್ಟವಿರಲಿಲ್ಲ, ಆದರೆ ಹೆದರಿಕೆ ಎರಡನೆಯದರದೇ ಹೆಚ್ಚು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನ ಕೈ ಹಣೆಗೆ ಹೋಯಿತು. ರಾತ್ರಿ ಊಟಕ್ಕೆ ಕೂರುವ ಮೊದಲೇ ಅಚ್ಚುಕಟ್ಟಾದ ಅಕ್ಷರದಲ್ಲಿ ಕಾಗದ ಬರೆದು ಮುಗಿಸಿದ. ‘ಹಿಂದಿನ ಗುರುತು ಯಂತ್ರದೋಷದಿಂದ ತಪ್ಪಾಗಿದ್ದು, ಈಗಿನ ಗುರುತು ಸರಿ ಇರುತ್ತದೆ.’ ಕೆಳಗೆ ಹೆಬ್ಬೆಟ್ಟಿಗೆ ಜಾಗ ಬಿಟ್ಟ.

ತೊರಗಲ್ಲಿನ ಕೋಟೆ ಗುಡ್ಡ ಎಡಕ್ಕೆ ಸರಿದು ಕೆಂಚನಾಳದ ದಾರಿ ಬಂತು. ಹೋದ ಬೇಸಿಗೆಯಲ್ಲಿ ಇದೇ ದಾರಿಯಲ್ಲಿ ಬಂದಾಗ ಅವನಿಗೆ ಅಂಥ ಹೆದರಿಕೆ ಇರಲಿಲ್ಲ. ಈ ಊರಿನಲ್ಲಿ ಅವನು ಚಿಗವ್ವ ಲಗಮವ್ವನ ಮನೆಯಲ್ಲಿದ್ದು ಎರಡು ವರ್ಷ ಸಾಲಿ ಕಲಿತಿದ್ದ, ನಿಜ. ಆದರೆ ಕೇರಿಯ ಹುಡುಗರ ಮುಖವನ್ನು ಊರವರು ನೋಡಿದ್ದರೆ ತಾನೆ ನೆನಪಿಡುವುದು. ಚಿಗವ್ವ ಅವನಿಗೆ ತೊರಗಲ್ಲಿನ ಸಂತೆಯಿಂದ ಚಪ್ಪಲಿ ತಂದುಕೊಟ್ಟು, ಹಳ್ಳದ ತನಕ ಹಾಕ್ಕೊಂಡು ಹೋಗು, ಅಗಸಿಯೊಳಗ ಕೈಯಾಗ ಹಿಡ್ಕೊ ಎಂದು ಹೇಳಿಕೊಟ್ಟಿದ್ದಳು. ಹಾಗೆ ಕೈಯಲ್ಲಿ ಹಿಡಿದು ದಾಟಿದ್ದ ಅಗಸಿಯನ್ನು ಹೋದ ಬೇಸಿಗೆಯಲ್ಲಿ ಬೂಟುಗಾಲಲ್ಲಿ ದಾಟಿ ಶಟ್ಟೆಪ್ಪಗೌಡರ ಕಟ್ಟೆ ಹತ್ತಿದ್ದ. ಗೌಡರು ಯಾವ ಊರ್ರಿ ಎಂದರು, ಮನೋಳಿರಿ ಎಂದ. ಮಠದ ಓಣಿಯವ್ರೇನು ಎಂದರು. ಅವನು ಉಪಗ್ರಹ ಹುಡುಕುವವನಂತೆ ಆಕಾಶ ನೋಡಿ, ಹಾಂ, ಆ ಕಡೇನೇರಿ ಎಂದ. ಹಣೆಯ ಮೇಲೆ ಗೌರೀಶ ಹಚ್ಚಿದ ವಿಭೂತಿ ಇತ್ತು. ಊಟ ಆಗಲೇಬೇಕು ಎಂದು ಒಳಗೆ ಕರೆದು ಪಡಸಾಲೆಯಲ್ಲಿ ಮಣೆ ಹಾಕಿದರು. ಬಿಸಿ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು. ಗೌಡ್ತಿ ಇನ್ನೊಂದು ಹಾಕ್ಕೊರ್ರಿ ಎಂದು ಬಾಗಿ ಬಡಿಸಿದಳು. ಆಗ ತನಗೆ ಸಂತೋಷವಾಗಿತ್ತು ಎಂಬುದನ್ನು ಮಾತ್ರ ಅವನು ಮರೆಯಲಾರ. ಹೆದರಿ ತಿಂದಿದ್ದರೆ, ನಾಚಿ ತಿಂದಿದ್ದರೆ ಈಗ ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಸಂತೋಷದಿಂದ ತಿಂದಿದ್ದ, ಎರಡನೆಯ ಸಲ ಮೊಸರು ಹಾಕಿಸಿಕೊಂಡಿದ್ದ.

ಊಟವಾದಮೇಲೆ ಗೌಡರು ತಮ್ಮ ಆಳು ದುರ್ಗಪ್ಪನನ್ನು ಜೊತೆ ಮಾಡಿದರು. ಹನುಮಪ್ಪನ ಗುಡಿ, ಸಾಲಿ, ಪಂಚಾಯಿತಿ, ಎಲ್ಲ ಕಡೆ ಹೋಗಿ ಒತ್ತಿದ್ದಾಯಿತು. ಉಳಿದದ್ದು ಕೇರಿ. ಅಗಸಿಯಿಂದ ನೋಡಿದರೆ ಹಳ್ಳದ ಆಚೆ ಇಪ್ಪತ್ತು ಮೂವತ್ತು ಮನೆ ಕಾಣುತ್ತಿದ್ದವು, ಮೊದಲ ಬೇವಿನ ಮರದ ಕೆಳಗಿನದು ಚಿಗವ್ವನ ಮನೆ. ಕೇರಿಗೂ ಹೋಗಬೇಕೇನ್ರಿ ಎಂದು ದುರ್ಗಪ್ಪ ಕೇಳಿದ ರೀತಿಯಲ್ಲಿ ಹೋಗದಿದ್ದರೂ ನಡೆಯುತ್ತದೆ ಎಂಬ ಸಲಿಗೆ ಇತ್ತು. ಹೋದರೆ ಏನಾಗುತ್ತದೆ ಎಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಚಿಗವ್ವ ಮಲ್ಲ್ಯಾ ಎಂದು ಕೂಗಿ ಬಂದು ಕೆನ್ನೆ ಸವರಿ ನೆಟಿಕೆ ಮುರಿಯುತ್ತಾಳೆ, ಆಗ ತವರಲ್ಲೇ ಇದ್ದ ರೇಣು ಅಣ್ಣಾ ಎಂದು ಕೈ ಹಿಡಿಯುತ್ತಾಳೆ, ದುರ್ಗಪ್ಪ ನಿಂತು ನೋಡುತ್ತಾನೆ, ಸಂಜೆಯೊಳಗೆ ಗೌಡರ ಪಡಸಾಲೆ ತೊಳೆಯುತ್ತಾರೆ. ಆ ಹೊತ್ತಿಗೆ ಬೇವಿನ ಮರದ ಕೆಳಗೆ ಯಾರೋ ಒಬ್ಬಳು ಹುಬ್ಬಿಗೆ ಕೈ ಅಡ್ಡ ಹಿಡಿದು ಈ ಕಡೆ ನೋಡುತ್ತಾ ನಿಂತಿದ್ದಳು, ಪಕ್ಕದಲ್ಲಿ ಇನ್ನೊಬ್ಬಳು. ಯಾರೋ ಇರಬೇಕು ಎಂದುಕೊಂಡ. ಇಲ್ಲಿಂದ ಕಾಣತೈತಲ್ಲ, ಸಾಕ್ರಿ ಎಂದು ಅಗಸಿಯ ಕಲ್ಲಿನ ಪಕ್ಕ ನಿಂತು ಗುಂಡಿ ಒತ್ತಿ, ಕೆಂಚನಾಳ ಕೇರಿ ಎಂದು ಹೆಸರು ಕೊಟ್ಟ. ಐದು ಮೀಟರಿನೊಳಗೆ ನಿಖರ ಎಂದಿತು ಯಂತ್ರ. ಅದು ಸುಳ್ಳು ಹೇಳಲಿಲ್ಲ. ಅವನು ಎಲ್ಲಿ ನಿಂತಿದ್ದನೋ ಅದನ್ನೇ ಹೇಳಿತು.

ಇವತ್ತೂ ಗೌಡರು ಕಟ್ಟೆಯ ಮೇಲಿದ್ದರು. ಬರ್ರಿ ಬರ್ರಿ, ಮನೋಳಿಯವ್ರು ಬಂದ್ರು, ಚಾ ಇಡ ಅಂತ ಹೇಳ್ರಿ ಒಳಗ ಎಂದರು. ಕೆಲಸ ಮುಗಿಸಿ ಬರತೇನ್ರಿ ಎಂದು ಅವನು ಬೈಕನ್ನು ಕಟ್ಟೆಯ ಹತ್ತಿರವೇ ಬಿಟ್ಟ. ಮತ್ತೆ ದುರ್ಗಪ್ಪ ಜೊತೆಯಾದ. ಹಳ್ಳದ ಕಡೆ ಇಳಿಯುವ ಮುಂಚೆ, ಕೇಳಬಾರದು ಎಂದುಕೊಂಡೇ ಕೇಳಿದ, ಅವತ್ತು ಗಾಡಿ ಎಲ್ಲಿ ನಿಂತಿತ್ತು ಎಂದು.

“ಇಲ್ಲೇರಿ, ಈ ಕಲ್ಲಿನ ಮುಂದ,” ದುರ್ಗಪ್ಪ ಕಾಲಿನಿಂದ ತೋರಿಸಿದ. “ಮಧ್ಯಾಹ್ನ ಮೂರರ ಸುಮಾರ. ಡ್ರೈವರ್ ಹಾರ್ನ್ ಹೊಡದಾ ಹೊಡದಾ. ನಾವ್ಯಾರೂ ಫೋನ್ ಹಚ್ಚಿಲ್ಲಪಾ ಅಂದ್ವಿ. ಕೇರಿಗೆ ಬಂದೇನಿ ಅಂದಾ. ಕೇರಿ ಇದಲ್ಲೋ ಅಂದ್ರ, ಇದೇ ಕೇರಿ ಅಂತ ನನಗ ಹೇಳ್ಯಾರ, ಚುಕ್ಕಿ ಇಲ್ಲೇ ಐತಿ ಅಂತಾನ. ಗೌಡ್ರಿಗೆ ಸಿಟ್ಟು ಬಂದುಬಿಡ್ತ್ರಿ. ನಮ್ಮ ಅಗಸಿಗೆ ಕೇರಿ ಅಂತೀಯೇನಲೇ ಅಂತ ಅವನ ಅಂಗಿ ಹಿಡದ್ರು. ಮಂದಿ ಕೂಡ್ತು. ಅದು ಬಗಿಹರಿಯೂದ್ರಾಗ ಅರ್ಧ ತಾಸು ಹೋತು.”

“ಕೇರಿ ಆ ಕಡೆ ಐತಿ ಅಂತ ಯಾರೂ ದಾರಿ ತೋರಿಸಲಿಲ್ಲೇನು?”

“ತೋರಿಸಿದ್ವ್ಯಲ್ರಿ, ಆಮ್ಯಾಲೆ. ಹಳ್ಳದಾಗ ಗಾಡಿ ಇಳಿಯಂಗಿಲ್ಲ, ಇಟ್ಟಂಗಿ ಭಟ್ಟಿ ಹಾದಿ ಹಿಡದು ಸುತ್ತು ಹಾಕಿ ಹೋಗ ಅಂದ್ವಿ.” ಸ್ವಲ್ಪ ದೂರ ನಡೆದು ಅವನೇ ಸೇರಿಸಿದ, “ನಮ್ಮದೇನು ತಪ್ಪಿಲ್ಲ ಬಿಡ್ರಿ. ಮಿಷಿನ್ ತಪ್ಪು.”

ಹಳ್ಳದಲ್ಲಿ ನೀರಿರಲಿಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲಿಡುವಾಗ ಕಾಲಿಗೆ ಹಳೆಯ ಲೆಕ್ಕ ನೆನಪಿತ್ತು, ಹೇಳಿಕೊಡಬೇಕಾಗಿರಲಿಲ್ಲ. ಸಾಲಿ ಬಿಟ್ಟು ಅಗಸಿಯ ಹೊರಗೆ ಬಂದಕೂಡಲೆ ಬೇವಿನ ಮರದ ಕೆಳಗಿನಿಂದ ನಾಲ್ಕು ವರ್ಷದ ರೇಣು ಅಣ್ಣಾ ಎಂದು ಕೂಗುತ್ತಿದ್ದಳು, ಅವನು ಇಲ್ಲಿಂದ ಓ ಎನ್ನುತ್ತಿದ್ದ. ಅವಳು ಮತ್ತೆ ಕೂಗುವಳು, ಅವನು ಮತ್ತೆ ಓ. ಮಳೆಗಾಲದಲ್ಲಿ ಹಳ್ಳ ತುಂಬಿ ಕತ್ತಲು ಕವಿದಿದ್ದರೂ ಆ ಕೂಗಿನ ದಾರಿ ಹಿಡಿದು ಅವನು ಮನೆ ಮುಟ್ಟುತ್ತಿದ್ದ. ಒಂದು ಮಗುವಿನ ಗಂಟಲು ಅಗಸಿಯಿಂದ ಕೇರಿಗೆ ಕೇಳುವಷ್ಟೇ ದೂರ. ಅಂದಮೇಲೆ ಆಂಬುಲೆನ್ಸಿನ ಹಾರ್ನು ಕೇಳದೆ ಇರುತ್ತದೆಯೇ? ಗಾಡಿ ಅಗಸಿಯಲ್ಲೇ ನಿಂತಿತ್ತಂತೆ ಎಂದು ಅವ್ವ ಫೋನಿನಲ್ಲಿ ಅಂದಾಗಿನಿಂದ, ಇಪ್ಪತ್ತೆರಡು ದಿನ, ಈ ಪ್ರಶ್ನೆ ಅವನನ್ನು ತಿನ್ನುತ್ತಿತ್ತು, ಮತ್ತು ಅದರಲ್ಲೇ ಅವನಿಗೆ ಒಂದು ಆಸೆಯೂ ಇತ್ತು. ಹಾರ್ನು ಕೇಳಿಯೂ ಅವರು ಓಡಿಬಂದು ಕರೆದೊಯ್ಯಲಿಲ್ಲ ಎಂದಾದರೆ ತಪ್ಪು ಪೂರ್ತಿ ತನ್ನೊಬ್ಬನದೇ ಅಲ್ಲ. ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾದರೂ ಯೋಚನೆ ಬಿಡಲಿಲ್ಲ.

ಲಗಮವ್ವ ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಬಾಗಿಲೊಳಗೆ ಹಳೆಯ ಸೀರೆಯ ತೊಟ್ಟಿಲು ಇಳಿಬಿದ್ದಿತ್ತು, ಅದರ ಹಗ್ಗದ ತುದಿ ಅವಳ ಕಾಲ್ಬೆರಳಿಗೆ ಸುತ್ತಿತ್ತು. ಗೋಡೆಯ ಮೇಲೆ ನೀಲಿ ಕೋಟಿನ ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ ಮದುವೆಯ ದಿನದ ರೇಣು. ಚಿಗವ್ವ ತಲೆ ಎತ್ತಿದಳು. ಅವನನ್ನು ನೋಡಿದಳು, ಅವನ ಹಿಂದೆ ಬೇವಿನ ನೆರಳಿನಲ್ಲಿ ನಿಂತ ದುರ್ಗಪ್ಪನನ್ನು ನೋಡಿದಳು. ಮಲ್ಲ್ಯಾ ಎಂದು ಈಗ ಕೂಗುತ್ತಾಳೆ, ಕೂಗಲಿ, ಕೂಗಿಬಿಡಲಿ ಎಂದು ಅವನು ಕಾದ. ಅವಳು ಮೊರ ಕೆಳಗಿಟ್ಟು, ಸೆರಗು ತಲೆಗೆಳೆದುಕೊಂಡು ಎದ್ದು ನಿಂತಳು.

“ಬರ್ರಿ ಸಾಹೇಬ್ರ. ಯಾಕ ಬಂದಿದ್ರಿ?”

ಅವನು ಉತ್ತರಿಸುವ ಮೊದಲೇ ದುರ್ಗಪ್ಪ ಅಲ್ಲಿಂದಲೇ, “ಲಗಮಿ, ಗಾಡಿ ಗುರುತು ಸರಿ ಮಾಡಾಕ ಬಂದಾರ. ಹೇಳಿದಲ್ಲಿ ಹೆಬ್ಬಟ್ಟು ಒತ್ತು,” ಎಂದ. ಹೂಂನ್ರಿ ಎಂದಳು. ದುರ್ಗಪ್ಪನಿಗೆ ಕೇರಿಯೊಳಗೆ ನಿಲ್ಲುವುದು ಬೇಡವಾಗಿತ್ತು. ನಾ ಭಟ್ಟಿ ಕಡೆ ಇರತೇನ್ರಿ, ಆದಮ್ಯಾಲೆ ಬರ್ರಿ ಎಂದು ಬೀಡಿ ಹಚ್ಚಿಕೊಂಡು ನಡೆದ. ಅವನು ತಿರುವು ದಾಟಿದಮೇಲೆ ಮಲ್ಲಿಕಾರ್ಜುನ ಯಂತ್ರ ತೆಗೆದು ಅಂಗಳದ ನಡುವೆ ನಿಂತ. ಬೇವಿನ ಕೊಂಬೆಗಳ ಕೆಳಗೆ ಎರಡು ಸಲ ಉಪಗ್ರಹ ಸಿಗಲಿಲ್ಲ. ಮೂರನೆಯ ಸಲ ಒತ್ತಿದಾಗ ನಾಲ್ಕು ಮೀಟರಿನೊಳಗೆ ನಿಖರ ಎಂದು ಬಂತು. ಬರೀ ಅಷ್ಟು ಕೆಲಸ. ಗೌಡರ ಕಟ್ಟೆಯಿಂದ ಇಲ್ಲಿಗೆ ನಡೆದುಬರಲು ಹಿಡಿದದ್ದು ಎಂಟು ನಿಮಿಷ.

“ಚಿಗವ್ವ,” ಎಂದ. “ಅವ ಹೋದ ಚಿಗವ್ವ. ಈಗ ಯಾರೂ ಇಲ್ಲ.”

“ಗೊತ್ತೈತ್ರಿ.”

“ಹೋದ ಬ್ಯಾಸಗ್ಯಾಗ ನಾನೇ ಬಂದಿದ್ನಿ. ಇಲ್ಲಿಗೆ ಬರದೇ, ಅಲ್ಲೇ ಅಗಸ್ಯಾಗ ನಿಂತು...”

“ಗೊತ್ತೈತ್ರಿ,” ಎಂದಳು ಮತ್ತೆ, ಮೊದಲಿನ ದನಿಯಲ್ಲೇ. “ನೋಡಿದ್ವಲ್ಲ. ನಡಿಗಿ ಗೊತ್ತಾಗಂಗಿಲ್ಲೇನ್ರಿ ನನಗ? ಅಣ್ಣ ಬಂದಾನವ್ವ, ಓಡಿ ಹೋಗಿ ಕರಕೊಂಡ ಬರತೇನಿ ಅಂದ್ಲು ರೇಣು. ನಾನೇ ಸೀರಿ ಸೆರಗ ಹಿಡದು ಎಳದ್ನಿ. ದೊಡ್ಡ ಮಂದಿ ಕೂಡ ಅದಾನ, ಕೂಗಬ್ಯಾಡ, ಅವನ ಮರ್ಯಾದಿ ಕಡಿಮಿ ಆಕ್ಕೈತಿ ಅಂದ್ನಿ. ಕೆಲಸಾ ಮುಗಿಸಿ ಸಂಜಿಮುಂದ ಬರ್ತಾರಂತ ಚಾಕ್ಕ ಹಾಲು ತರಿಸಿಟ್ಟಿದ್ಲು. ಒಡದುಹೋತು.”

ತೊಟ್ಟಿಲು ಮಿಸುಕಿತು. ಅವಳು ಕಾಲ್ಬೆರಳಿನಿಂದ ಹಗ್ಗ ಎಳೆದಳು. ಒಳಗೆ ಮುಷ್ಟಿಯಷ್ಟು ಮುಖ ಕಂಡೂ ಕಾಣದಂತಿತ್ತು. ಹೆಣ್ಣಂತೆ ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ಹತ್ತಿರ ಹೋಗಿ ನೋಡಬೇಕೆಂದು ಅವನಿಗೆ ತಡೆಯಲಾರದಷ್ಟು ಆಸೆಯಾಯಿತು, ಆದರೆ ಹೊಸ್ತಿಲು ಅವನಿಗೂ ತೊಟ್ಟಿಲಿಗೂ ನಡುವೆ ಇತ್ತು, ಒಳಗೆ ಬಾ ಎಂದು ಅವಳು ಅನ್ನಲಿಲ್ಲ.

“ಹಾರ್ನ್ ಕೇಳಲಿಲ್ಲೇನು ಚಿಗವ್ವ, ಅವತ್ತು?” ಎಂದ. ಕೇಳಿದಮೇಲೆ, ಇದನ್ನು ಕೇಳುವುದಕ್ಕಾಗಿಯೇ ತಾನು ಬಂದೆನೇನೋ ಎನ್ನಿಸಿತು.

“ಕೇಳಿತ್ರಿ. ರೇಣೂಗೂ ಕೇಳಿತು. ಗಾಡಿ ಬಂತವ್ವ ಅಂದ್ಲು. ನಾ ಹೊರಗ ಬಂದು ನೋಡಿದ್ನಿ, ಅಗಸ್ಯಾಗ ನಿಂತಿತ್ತು. ಅಗಸ್ಯಾಗ ನಿಂತ ಗಾಡಿ ನಮ್ಮದು ಅಂತ ಹೆಂಗ ತಿಳಿಯೂದ್ರಿ? ಗೌಡ್ರ ಮನಿಗೆ ಬಂದಿರಬೇಕು, ಅವ್ರದು ಮುಗದಮ್ಯಾಲೆ ನಮ್ಮದು ಬರತೈತಿ ಅಂದ್ನಿ ಅಕಿಗೆ. ಅಳಿಯ ಯಮನಪ್ಪ ಭಟ್ಟಿ ಹಾದ್ಯಾಗ ಹೋಗಿ ನಿಂತಿದ್ದ, ಆ ತಗ್ಗಿನ್ಯಾಗ ಅವನ ಫೋನ್ ಹತ್ತಲಿಲ್ಲ. ಊರ ಗಾಡಿಗೆ ಅಡ್ಡ ಹೋಗಿ ಇದು ನಮ್ಮದು ಅನ್ನೂ ರೂಢಿ ನಮಗಿಲ್ಲಲ್ರಿ. ಅಕಿಗೆ ಅದೇ ಹೇಳಿಕೋತ ಕುಂತ್ನಿ, ಬರತೈತಿ ತಡಿ, ಅವ್ರದು ಮುಗೀಲಿ, ಬರತೈತಿ ತಡಿ ಅಂತ.”

ಹೇಳಿ ಮುಗಿಸಿದವಳು ಅಳಲಿಲ್ಲ. ಅತ್ತಿದ್ದರೆ ಅವನೂ ಅಳಬಹುದಿತ್ತು. ತನ್ನ ತಪ್ಪನ್ನು ಅವರ ಮೇಲೆ ಒಂದು ಪಾಲು ಹೊರಿಸಬಹುದೆಂದು ಬಂದಿದ್ದ, ಅವಳು ಆ ಪಾಲನ್ನು ಆಗಲೇ ಹೊತ್ತು ಇಪ್ಪತ್ತೆರಡು ದಿನವಾಗಿತ್ತು. ಮರ್ಯಾದೆಗೆಂದು ಅವನು ಅಗಸಿ ದಾಟಲಿಲ್ಲ. ಅವನ ಮರ್ಯಾದೆಗೆಂದು ಅವಳು ಮಗಳ ಬಾಯಿ ಮುಚ್ಚಿಸಿದಳು. ಅದೇ ಅಗಸಿಯಲ್ಲಿ ಗಾಡಿ ನಿಂತಾಗ ಅವಳನ್ನು ತಡೆದದ್ದೂ ಇಬ್ಬರೂ ಕಲಿತ ಅದೇ ಪಾಠ, ಊರವರ ಮುಂದೆ ಇದು ನಮ್ಮದು ಎನ್ನಬಾರದು ಎಂಬುದು. ಚೀಲದಲ್ಲಿದ್ದ ಕಾಗದವನ್ನು ತೆಗೆಯುವುದಿಲ್ಲ ಎಂದು ಅವನು ನಿರ್ಧರಿಸಿದ. ಹರಿದು ಹಳ್ಳಕ್ಕೆ ಎಸೆಯುತ್ತೇನೆ, ನಾಳೆ ಗೌರೀಶನ ಮುಂದೆ ನಿಂತು ಎರಡೂ ಹೇಳುತ್ತೇನೆ, ನೌಕರಿ ಹೋದರೆ ಹೋಗಲಿ. ಒಂದು ಗಳಿಗೆ ನಿಜವಾಗಿಯೂ ಹಾಗೆ ಅಂದುಕೊಂಡ.

“ಹೆಬ್ಬಟ್ಟು ಅಂದ್ರಲ್ಲ ದುರ್ಗಪ್ಪನವ್ರು. ಎಲ್ಲಿ ಒತ್ತಬೇಕ್ರಿ ಸಾಹೇಬ್ರ?” ಎಂದು ಅವಳು ಕೈ ಮುಂದೆ ಚಾಚಿದಳು.

“ಸಾಹೇಬ ಅನಬ್ಯಾಡ ಚಿಗವ್ವ. ನಾ ಮಲ್ಲ್ಯಾ.”

ಅವಳು ಕೈ ಹಾಗೇ ಚಾಚಿಕೊಂಡು ನಿಂತಿದ್ದಳು. ಅಣ್ಣಾ ಎಂದರೆ ಓ ಎನ್ನುತ್ತಿದ್ದ ಹುಡುಗನ ಹೆಸರು ಅವಳ ಬಾಯಿಂದ ಬರಲಿಲ್ಲ. ಬೆರಳುಗಳಲ್ಲಿ ಜೋಳದ ಹೊಟ್ಟು ಅಂಟಿತ್ತು. ಬೈಲಹೊಂಗಲದ ಬಾಡಿಗೆ ಮನೆ, ಮಕ್ಕಳ ಸಾಲಿ, ತಿಂಗಳ ಮೊದಲ ತಾರೀಖು, ಸೋಮವಾರದ ವಿಭೂತಿ, ಎಲ್ಲ ಒಂದರ ಹಿಂದೆ ಒಂದು ಅವನ ತಲೆಯಲ್ಲಿ ಹಾದವು. ಅವನ ಕೈ ಚೀಲದೊಳಗೆ ಹೋಯಿತು. ಕಾಗದ ಹೊರಗೆ ಬಂತು, ಮಸಿಯ ಡಬ್ಬಿಯೂ ಹೊರಗೆ ಬಂತು. ಇದರಲ್ಲಿ ಏನು ಬರೆದಿದೆ ಎಂದು ಅವಳು ಕೇಳಲಿಲ್ಲ, ಅವನು ಓದಿ ಹೇಳಲಿಲ್ಲ. ಯಂತ್ರದೋಷ ಎಂದು ಅವನು ಅಚ್ಚುಕಟ್ಟಾಗಿ ಬರೆದ ಅಕ್ಷರದ ಕೆಳಗೆ ಅವಳು ಹೆಬ್ಬೆರಳನ್ನು ಒತ್ತಿ, ಸಾಕೇನ್ರಿ ಎಂಬಂತೆ ಅವನ ಮುಖ ನೋಡಿ, ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

“ಇನ್ನ ಮ್ಯಾಲೆ ಫೋನ್ ಹಚ್ಚಿದ್ರ ಗಾಡಿ ಇಲ್ಲಿಗೇ ಬರತೈತೇನ್ರಿ? ಅಗಸಿಗೆ ಹೋಗಂಗಿಲ್ಲಲ್ಲ?”

“ಇಲ್ಲಿಗೇ ಬರತೈತಿ ಚಿಗವ್ವ. ನಿನ್ನ ಬಾಗಲಕ್ಕೇ ಬರತೈತಿ.”

“ಹಂಗಾರ ಆತು,” ಎಂದಳು ಲಗಮವ್ವ. “ಇನ್ನ ನೀವು ಬರೂದು ಬ್ಯಾಡ್ರಿ.”

ಮತ್ತೆ ಕುಳಿತು, ತೊಟ್ಟಿಲ ಹಗ್ಗವನ್ನು ಕಾಲ್ಬೆರಳಿಗೆ ಸುತ್ತಿಕೊಂಡು, ಮೊರ ಕೈಗೆ ತೆಗೆದುಕೊಂಡಳು.